ಓದುಗರ ಪ್ರಶ್ನೆ: ಹದಿನೈದರಿಂದ ಹದಿಮೂರಕ್ಕೆ ದಾಟಿದ ವೇಲ್ಸ್ ಆಟಗಾರರು

ಕಾರ್ಡಿಫ್‌ನಲ್ಲಿ ಹುಟ್ಟಿದ ಬಿಲ್ಲಿ ಬೋಸ್ಟನ್ ಅವರಿಗೆ 2025ರ ಜೂನ್‌ನಲ್ಲಿ ನೈಟ್ ಪದವಿ ಸಿಕ್ಕಿತು. ರಗ್ಬಿ ಲೀಗ್ ಆಟಗಾರರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಆ ಸುದ್ದಿ ಓದಿದವರಿಂದ ‘ರಗ್ಬಿಯಲ್ಲಿ ಲೀಗ್ ಬೇರೆ, ಯೂನಿಯನ್ ಬೇರೆಯೇ?’ ಎಂದು ಹಲವು ಪತ್ರಗಳು ಬಂದಿವೆ. ಯೂನಿಯನ್ ಬಿಟ್ಟು ಲೀಗ್‌ಗೆ ದಾಟಿದ ವೇಲ್ಸ್ ಆಟಗಾರ ಜೊನಾಥನ್ ಡೇವಿಸ್ ಬಗ್ಗೆ ಕೇಳಿದವರೂ ಇದ್ದಾರೆ. ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಪ್ರ: ರಗ್ಬಿ ಎಂದರೆ ಒಂದೇ ಆಟವಲ್ಲವೇ? ಆಟಗಾರ ಕ್ಲಬ್ ಬದಲಿಸಿದ್ದಕ್ಕೆ ವೇಲ್ಸ್‌ನಲ್ಲಿ ಅಷ್ಟು ರಾದ್ಧಾಂತ ಏಕೆ? (ಮೈಸೂರು)

ಚೆಂಡು ಮೊಟ್ಟೆಯಾಕಾರದ್ದೇ, ಗೋಲುಕಂಬವೂ ‘ಎಚ್’ ಅಕ್ಷರದಂತೆಯೇ. ಆದರೆ ಅಣ್ಣತಮ್ಮಂದಿರು 1895ರ ಆಗಸ್ಟ್ 29ರಂದು ಪಾಲಾದರು. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕಾರ್ಮಿಕರು ಶನಿವಾರದ ಪಂದ್ಯಕ್ಕಾಗಿ ಕೆಲಸ ಬಿಟ್ಟು ಬರಬೇಕಿತ್ತು. ಆ ಹೊತ್ತಿನ ಕೂಲಿಯನ್ನಾದರೂ ಕ್ಲಬ್ ಕೊಡಲಿ ಎಂಬುದು ಅವರ ಬೇಡಿಕೆ. ಹಣ ಮುಟ್ಟಿದರೆ ಆಟ ಕೆಟ್ಟಿತು ಎಂಬುದು ಇಂಗ್ಲೆಂಡಿನ ರಗ್ಬಿ ಯೂನಿಯನ್‌ನ ಹಟ. ಕೊನೆಗೆ ಉತ್ತರದ ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿ ಬೇರೆಯಾದವು. ಕಳೆದುಕೊಂಡ ಕೂಲಿಗೆ ಬದಲಾಗಿ ದಿನಕ್ಕೆ 6 ಶಿಲಿಂಗ್ ಕೊಡಬಹುದು ಎಂದು ನಿಯಮ ಮಾಡಿಕೊಂಡವು. 1897ರಲ್ಲಿ, ಹೊರಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಒಳಗೆಸೆಯುವ ಲೈನ್‌ಔಟ್ ಕೈಬಿಟ್ಟರು. 1906ರಲ್ಲಿ ತಂಡವನ್ನು 15ರಿಂದ 13ಕ್ಕೆ ಇಳಿಸಿದರು. 1922ರಲ್ಲಿ ಅವರ ಸಂಸ್ಥೆಗೆ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಹೆಸರು ಬಂತು.

ದಕ್ಷಿಣ ವೇಲ್ಸ್‌ನಲ್ಲಿಯೂ ಆಡುತ್ತಿದ್ದವರು ಗಣಿ ಮತ್ತು ಉಕ್ಕಿನ ಕಾರ್ಖಾನೆಯ ಜನರೇ. ಆದರೂ ಅಲ್ಲಿ ಯೂನಿಯನ್ ಉಳಿಯಿತು, ನಾಡಿನ ಆಟವಾಯಿತು. ಹೀಗಾಗಿ ಲೀಗ್‌ಗೆ ಹೋಗುವುದೆಂದರೆ ಆಟದ ಜೊತೆಗೆ ಊರನ್ನೂ ಬಿಡುವುದು, ವೇಲ್ಸ್‌ನ ಕಣಿವೆಯಿಂದ ಉತ್ತರ ಇಂಗ್ಲೆಂಡಿನ ಲ್ಯಾಂಕಶೈರ್ ಇಲ್ಲವೇ ಯಾರ್ಕ್‌ಶೈರ್‌ಗೆ ಗಂಟುಮೂಟೆ ಕಟ್ಟುವುದು. ವೇಲ್ಸ್ ಜನ ಇದಕ್ಕೆ ‘ಉತ್ತರಕ್ಕೆ ಹೋದ’ ಎನ್ನುತ್ತಿದ್ದರು. ಹೋದವನಿಗೆ ಯೂನಿಯನ್‌ನಿಂದ ಆಜೀವ ಬಹಿಷ್ಕಾರ. ಮತ್ತೆ ಆಡುವಂತಿಲ್ಲ, ಆಡಿಸುವಂತಿಲ್ಲ. 1995ರ ಆಗಸ್ಟ್‌ನಲ್ಲಿ ಯೂನಿಯನ್ ತಾನೇ ವೃತ್ತಿಪರ ಆಟವಾಗುವವರೆಗೆ, ಸರಿಯಾಗಿ ನೂರು ವರ್ಷ, ಈ ಗೋಡೆ ನಿಂತಿತ್ತು.

ಪ್ರ: ಜಾತಿಯಿಂದ ಹೊರಹಾಕುವಂಥ ಶಿಕ್ಷೆ ಇದ್ದರೆ ಲೀಗ್ ಕ್ಲಬ್‌ಗಳು ಆಟಗಾರರನ್ನು ಹೇಗೆ ಸೆಳೆಯುತ್ತಿದ್ದವು? (ದಾವಣಗೆರೆ)

ಕದ್ದುಮುಚ್ಚಿ. ಕ್ಲಬ್‌ನ ಏಜೆಂಟ್ ಪಂದ್ಯಕ್ಕೆ ಬಂದು ಜನರ ನಡುವೆ ನಿಲ್ಲುವುದು, ಆಮೇಲೆ ಆಟಗಾರನ ಮನೆಯಲ್ಲಿ ಅಪ್ಪ ಅಮ್ಮನ ಎದುರಿಗೇ ಮಾತುಕತೆ. ನೋಡಿ ನಿರ್ಧರಿಸೋಣ ಎಂದುಕೊಂಡವನು ಒಂದು ಪರೀಕ್ಷಾ ಪಂದ್ಯ ಆಡುತ್ತಿದ್ದ. ಆಗ ಆಟಗಾರರ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ‘ಎ. ಎನ್. ಅದರ್’ ಎಂದಿರುತ್ತಿತ್ತು, ಅಂದರೆ ‘ಇನ್ನೊಬ್ಬ’. ಸಿಕ್ಕಿಬಿದ್ದರೆ ಅದೊಂದು ಪಂದ್ಯಕ್ಕೇ ಯೂನಿಯನ್ ಬಾಗಿಲು ಮುಚ್ಚುತ್ತಿತ್ತು.

ಒಂದು ಲೆಕ್ಕ ಗಮನಿಸಿ. ಯೂನಿಯನ್ ಕ್ಲಬ್ ಹವ್ಯಾಸಿ ಸಂಸ್ಥೆ, ಆಟಗಾರನ ಮೇಲೆ ಅದಕ್ಕೆ ಒಪ್ಪಂದದ ಹಕ್ಕಿಲ್ಲ. ಆದ್ದರಿಂದ ಫುಟ್‌ಬಾಲ್‌ನಲ್ಲಿರುವಂತೆ ಹಳೆಯ ಕ್ಲಬ್‌ಗೆ ವರ್ಗಾವಣೆ ಶುಲ್ಕ ಹೋಗುತ್ತಿರಲಿಲ್ಲ, ಸಹಿಯ ಹಣ ಆಟಗಾರನ ಕೈಗೇ. 1921ರಲ್ಲಿ ಕಾರ್ಡಿಫ್‌ನ 17ರ ಹುಡುಗ ಜಿಮ್ ಸಲಿವನ್‌ಗೆ ವಿಗನ್ ಕೊಟ್ಟದ್ದು 750 ಪೌಂಡ್. 1952ರಲ್ಲಿ ಲನೆಥ್ಲಿಯ ಲೂಯಿಸ್ ಜೋನ್ಸ್‌ಗೆ ಲೀಡ್ಸ್ ಕೊಟ್ಟದ್ದು 6,000. ಕಾರ್ಮಿಕನಿಗೆ ಅದು ಒಂದೇ ಏಟಿಗೆ ಮನೆ ಕೊಳ್ಳುವ ದುಡ್ಡು. ಬಹಿಷ್ಕಾರದ ಭಯ ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ? ಯೂನಿಯನ್ ಅಧಿಕಾರಿಗಳು ಇದನ್ನು ದುರಾಸೆ ಎಂದರು. ಹಾಗೆಂದವರಲ್ಲಿ ಶನಿವಾರದ ಕೂಲಿ ಕಳೆದುಕೊಂಡು ಗೊತ್ತಿದ್ದವರು ಬಹಳ ಕಡಿಮೆ.

ಪ್ರ: ಮೈದಾನದಲ್ಲಿ ನಿಜವಾಗಿ ಏನು ಬದಲಾಗುತ್ತದೆ? ಒಳ್ಳೆಯ ಯೂನಿಯನ್ ಆಟಗಾರ ಲೀಗ್‌ನಲ್ಲಿ ಏಕೆ ಎಡವುತ್ತಾನೆ? (ಮಂಗಳೂರು)

ಚೆಂಡು ಹಿಡಿದಾಗ ಎಡವುವವರು ಕಡಿಮೆ. ಚೆಂಡು ಇಲ್ಲದಾಗ ಎಡವುತ್ತಾರೆ.

ಮೊದಲು ಟ್ಯಾಕಲ್. ಯೂನಿಯನ್‌ನಲ್ಲಿ ಹಿಡಿದು ಕೆಡವಿದ ಮೇಲೆ, ಕೆಳಗೆ ಬಿದ್ದವನು ಚೆಂಡು ಬಿಡಬೇಕು. ಅದಕ್ಕಾಗಿ ಎರಡೂ ಕಡೆಯವರು ಮೇಲೆ ನಿಂತು ನೂಕಾಡುತ್ತಾರೆ, ಅದು ರಕ್. ಲೀಗ್‌ನಲ್ಲಿ ಈ ಜಗಳವೇ ಇಲ್ಲ. ಹಿಡಿದವನು ಬಿಡಬೇಕು, ಬಿದ್ದವನು ಚೆಂಡು ಸಮೇತ ಎದ್ದು ನಿಂತು, ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹಿಂದೆ ನಿಂತ ಜೊತೆಗಾರ ಎತ್ತಿಕೊಂಡು ಆಟ ಮುಂದುವರಿಸುತ್ತಾನೆ. ಹೀಗೆ ಆರು ಟ್ಯಾಕಲ್ ತನಕ ಚೆಂಡು ನಿಮ್ಮದು, ಆರನೆಯದಕ್ಕೆ ಸಿಕ್ಕಿಬಿದ್ದರೆ ಎದುರಾಳಿಗೆ. ಕಬಡ್ಡಿಯ ರೇಡರ್‌ಗೆ 30 ಸೆಕೆಂಡ್ ಹೇಗೋ, ಇಲ್ಲಿ ಚೆಂಡಿರುವ ತಂಡಕ್ಕೆ ಆರು ಟ್ಯಾಕಲ್ ಹಾಗೆ.

ಹೊಸಬ ಇಲ್ಲಿ ಮಾಡುವ ತಪ್ಪುಗಳು ಎಲ್ಲರಲ್ಲೂ ಒಂದೇ ತೆರ. ಬಿದ್ದ ತಕ್ಷಣ ಅಭ್ಯಾಸಬಲದಿಂದ ಚೆಂಡನ್ನು ಹಿಂದಕ್ಕೆ ಚಾಚಿ ಬಿಟ್ಟುಬಿಡುತ್ತಾನೆ, ಚೆಂಡು ಎದುರಾಳಿಯ ಪಾಲು. ಟ್ಯಾಕಲ್ ಮಾಡಿದಾಗ ಬಿದ್ದವನ ಕೈಯಿಂದ ಚೆಂಡು ಕೀಳಲು ಬಗ್ಗುತ್ತಾನೆ. ಲೀಗ್‌ನಲ್ಲಿ ಒಬ್ಬನೇ ಹಿಡಿದಿದ್ದಾಗ ಮಾತ್ರ ಚೆಂಡು ಕಸಿಯಬಹುದು, ಇಬ್ಬರು ಹಿಡಿದಿದ್ದರೆ ಪೆನಾಲ್ಟಿ. ಮೇಲೆ ಮಲಗಿಯೇ ಇದ್ದರೂ ಶಿಕ್ಷೆ.

ಆಮೇಲೆ ಹಿಡಿಯುವ ಎತ್ತರ. ಯೂನಿಯನ್‌ನಲ್ಲಿ ಕಾಲಿಗೆ ಬಿದ್ದು ಕೆಡವಿದರೆ ಕೆಲಸ ಮುಗಿಯಿತು. ಲೀಗ್‌ನಲ್ಲಿ ಕಾಲಿಗೆ ಮಾತ್ರ ಬಿದ್ದರೆ ಎದುರಾಳಿಯ ಕೈಗಳು ಖಾಲಿ, ಬೀಳುತ್ತಲೇ ಪಕ್ಕದವನಿಗೆ ಚೆಂಡು ದಾಟಿಸಿಬಿಡುತ್ತಾನೆ. ಆದ್ದರಿಂದ ಮೊದಲನೆಯವನು ಎದೆಮಟ್ಟದಲ್ಲಿ ಚೆಂಡನ್ನೂ ತೋಳನ್ನೂ ಸೇರಿಸಿ ಅಪ್ಪಬೇಕು, ಎರಡನೆಯವನು ಕಾಲು ಕಟ್ಟಬೇಕು, ಮೂರನೆಯವನು ಬಂದರೆ ಮಲಗಿಸಬೇಕು. ಆತುರಕ್ಕೆ ತೋಳು ಭುಜದ ಮೇಲಕ್ಕೆ ಜಾರಿತೋ, ಕಾರ್ಡು.

ಎಲ್ಲಕ್ಕಿಂತ ಕಷ್ಟ ಹಿಂದಕ್ಕೆ ಓಡುವುದು. ಪ್ರತಿ ಟ್ಯಾಕಲ್ ಆದ ಮೇಲೆ ಚೆಂಡು ಉರುಳಿಸುವವನ ಎದುರಿಗೇ ನಿಲ್ಲುವ ‘ಮಾರ್ಕರ್’ಗಳನ್ನು ಬಿಟ್ಟು ಉಳಿದ ರಕ್ಷಣಾ ಸಾಲೆಲ್ಲ 10 ಮೀಟರ್ ಹಿಂದೆ ಸರಿಯಬೇಕು, ಚೆಂಡು ಆಟಕ್ಕೆ ಬಂದ ಕೂಡಲೇ ಒಟ್ಟಾಗಿ ಮುಂದೆ ನುಗ್ಗಬೇಕು. 1993ಕ್ಕೆ ಮುಂಚೆ ಇದು 5 ಮೀಟರ್ ಇತ್ತು. ಮಧ್ಯದಲ್ಲಿ ಆಡುವವನು ಒಂದು ಪಂದ್ಯದಲ್ಲಿ 30–40 ಟ್ಯಾಕಲ್ ಮಾಡುವುದು ಮಾಮೂಲು. ಅಂದರೆ ಗುದ್ದು, ಬೀಳು, ಏಳು, ಹಿಂದಕ್ಕೆ ಓಡು, ತಿರುಗು, ಮತ್ತೆ ಗುದ್ದು. ಯೂನಿಯನ್‌ನಲ್ಲಿ ಸ್ಕ್ರಮ್ (ಎರಡೂ ಕಡೆಯವರು ಗುಂಪುಕಟ್ಟಿ, ಭುಜ ಕೊಟ್ಟು ತಳ್ಳಾಡುವುದು), ಲೈನ್‌ಔಟ್ ಎಂದು ಆಗಾಗ ಉಸಿರು ಸಿಗುತ್ತದೆ, ಇಲ್ಲಿ ಅದಿಲ್ಲ. ದಣಿದವನು ಏಳೆಂಟು ಮೀಟರ್ ಮಾತ್ರ ಹಿಂದೆ ಬಂದರೆ ಶಿಕ್ಷೆ. ಹತ್ತು ಮೀಟರ್ ಬಂದೂ ಮುಂದೆ ನುಗ್ಗಲು ಅರ್ಧ ಸೆಕೆಂಡ್ ತಡವಾದರೆ ಸಾಲಿನಲ್ಲಿ ಕಿಂಡಿ. ಎದುರಾಳಿಯ ಆಟ ನಡೆಸುವ ಹಾಫ್ ಬ್ಯಾಕ್‌ಗಳು ಮೊದಲು ಹುಡುಕುವುದೇ ಯೂನಿಯನ್‌ನಿಂದ ಬಂದ ಹೊಸಬ ಎಲ್ಲಿ ನಿಂತಿದ್ದಾನೆ ಎಂದು, ಆರರಲ್ಲಿ ಮೂರು ಸಲ ಅವನ ಕಡೆಗೇ ಓಡುತ್ತಾರೆ.

ತಾಲೀಮಿಗೆ ಒಂದು ಮಾತು: ಉದ್ದ ಓಟ ಇದಕ್ಕೆ ನೆರವಾಗುವುದಿಲ್ಲ. ನೆಲಕ್ಕೆ ಎದೆ ತಾಗಿಸಿ ಎದ್ದು, ಮುಖ ಚೆಂಡಿನ ಕಡೆಗೇ ಇಟ್ಟುಕೊಂಡು 10 ಮೀಟರ್ ಹಿಂದಕ್ಕೆ, ನಿಲ್ಲದೆ 10 ಮೀಟರ್ ಮುಂದಕ್ಕೆ. ಇಂಥವು ಆರು ಸೇರಿದರೆ ಒಂದು ಸುತ್ತು, ಏಕೆಂದರೆ ಪಂದ್ಯದ ಅಳತೆಯೂ ಆರೇ. ಗಡಿಯಾರ ನೋಡಿ ಸುತ್ತು ಹೆಚ್ಚಿಸುವ ಮುಂಚೆ ಆರನೆಯದನ್ನೂ ಸಾಲು ಕೆಡದಂತೆ ಮುಗಿಸುವುದು ಮುಖ್ಯ.

ಪ್ರ: ಯೂನಿಯನ್‌ನ ಯಾವ ಸ್ಥಾನದವರು ಲೀಗ್‌ನಲ್ಲಿ ಎಲ್ಲಿ ಆಡುತ್ತಾರೆ? (ಕಲಬುರಗಿ)

ಹದಿನೈದರಿಂದ ಇಬ್ಬರು ಫ್ಲ್ಯಾಂಕರ್‌ಗಳನ್ನು (ಸ್ಕ್ರಮ್‌ನ ಎರಡು ಪಕ್ಕದವರು) ಕಳೆದರೆ ಹದಿಮೂರು. ಕಾಗದದ ಮೇಲೆ ಇಷ್ಟೇ. ಅಂಗಿಯ ಸಂಖ್ಯೆ ತಲೆಕೆಳಗು: ಯೂನಿಯನ್‌ನ ಫುಲ್ ಬ್ಯಾಕ್ 15, ಲೀಗ್‌ನ ಫುಲ್ ಬ್ಯಾಕ್ 1. ಯೂನಿಯನ್‌ನಲ್ಲಿ ಆಟ ನಡೆಸುವ ಫ್ಲೈ ಹಾಫ್ 10, ಲೀಗ್‌ನಲ್ಲಿ ಅವನೇ ಸ್ಟ್ಯಾಂಡ್ ಆಫ್, ಸಂಖ್ಯೆ 6.

ವಿಂಗರ್, ಸೆಂಟರ್, ಫುಲ್ ಬ್ಯಾಕ್ ಸುಲಭವಾಗಿ ದಾಟುತ್ತಾರೆ. ವಿಂಗರ್‌ಗೆ ಒಂದು ಹೊಸ ಚಾಕರಿ ಮಾತ್ರ ಸೇರುತ್ತದೆ: ಸ್ವಂತ ಗೋಲಿನ ಹತ್ತಿರ ಚೆಂಡು ಸಿಕ್ಕಾಗ ಮೊದಲ ಒಂದೆರಡು ಟ್ಯಾಕಲ್‌ಗೆ ತಾನೇ ಓಡಿ, ಎದುರಾಳಿಯ ದೊಡ್ಡ ದೇಹಗಳಿಗೆ ಡಿಕ್ಕಿ ಹೊಡೆಯುವುದು. ಫ್ಲ್ಯಾಂಕರ್ ಮತ್ತು ನಂಬರ್ ಎಯ್ಟ್‌ಗಳಿಗೆ (ಸ್ಕ್ರಮ್‌ನ ಹಿಂತುದಿಯವರು) ಲೀಗ್ ಸ್ಕ್ರಮ್‌ನ ಎರಡನೇ ಸಾಲು ಒಗ್ಗುತ್ತದೆ. ಲೈನ್‌ಔಟ್‌ನಲ್ಲಿ ನೆಗೆದು ಚೆಂಡು ಹಿಡಿಯುವ ಲಾಕ್‌ಗೇ ಕಷ್ಟ. ಲೈನ್‌ಔಟ್ ಇಲ್ಲದ ಕಡೆ ಎತ್ತರಕ್ಕೆ ಬೆಲೆಯಿಲ್ಲ. ಸ್ಕ್ರಮ್‌ನಲ್ಲಿ ತಳ್ಳಾಟ ಹೆಸರಿಗಷ್ಟೇ ಇರುವುದರಿಂದ ಅದರ ಮುಂದಿನ ಸಾಲಿನ ಪ್ರಾಪ್‌ನ ಅರ್ಧ ವಿದ್ಯೆಯೂ ನೀರುಪಾಲು.

ಫ್ಲೈ ಹಾಫ್ ವಿಷಯ ಮೋಸದ್ದು. ಯೂನಿಯನ್‌ನಲ್ಲಿ ಅವನು ಒತ್ತಡ ಬಂದಾಗ ಚೆಂಡನ್ನು ಗೆರೆಯಾಚೆ ಒದ್ದು ನೆಲ ಗಳಿಸುತ್ತಾನೆ. ಲೀಗ್‌ನಲ್ಲಿ ಆಟದ ಮಧ್ಯೆ ನೇರವಾಗಿ ಹೊರಗೆ ಒದ್ದರೆ, ಒದ್ದ ಜಾಗದಲ್ಲೇ ಚೆಂಡು ಎದುರಾಳಿಗೆ. ಒದೆತಕ್ಕೆ ಸರಿಯಾದ ಹೊತ್ತು ಐದನೇ ಟ್ಯಾಕಲ್ ಆದ ಮೇಲೆ. 1997ರಲ್ಲಿ ಬಂದ ‘40/20’ ನಿಯಮ ಮಾತ್ರ ಹಳೆಯ ಯೂನಿಯನ್ ಕಾಲಿಗೆ ವರ: ಸ್ವಂತ 40 ಮೀಟರ್ ಗೆರೆಯ ಹಿಂದಿನಿಂದ ಒದ್ದ ಚೆಂಡು ನೆಲಕ್ಕೆ ಪುಟಿದು ಎದುರಾಳಿಯ 20 ಮೀಟರ್ ಗೆರೆಯೊಳಗೆ ಹೊರಹೋದರೆ ಚೆಂಡು ಒದ್ದವರ ತಂಡಕ್ಕೇ. ಅಂಕದ ಲೆಕ್ಕವೂ ಅವನ ತಲೆಯಲ್ಲಿ ಬದಲಾಗಬೇಕು. ಯೂನಿಯನ್‌ನಲ್ಲಿ ಪೆನಾಲ್ಟಿ, ಡ್ರಾಪ್ ಗೋಲ್ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದ್ದು ಗಳಿಸುವ ಗೋಲು) ತಲಾ 3. ಲೀಗ್‌ನಲ್ಲಿ ಪೆನಾಲ್ಟಿ 2, ಡ್ರಾಪ್ ಗೋಲ್ ಸಾಮಾನ್ಯವಾಗಿ 1. ಕಾಲಿನಿಂದಲೇ ಪಂದ್ಯ ಗೆಲ್ಲುವ ಕಾಲ ಹೋಯಿತು ಎಂದು ತಿಳಿಯಬೇಕು.

ಪ್ರ: ಜೊನಾಥನ್ ಡೇವಿಸ್ ಹೋದದ್ದು ದುಡ್ಡಿಗಾಗಿಯೇ? ಅವರು ಗೆದ್ದದ್ದು ಹೇಗೆ? ದಯವಿಟ್ಟು ವಿವರವಾಗಿ ಬರೆಯಿರಿ. (ಹಾಸನ)

ದುಡ್ಡೂ ಹೌದು, ಬೇಸರವೂ ಹೌದು.

ಡೇವಿಸ್ 1962ರಲ್ಲಿ ಕಾರ್ಮಾರ್ಥನ್‌ಶೈರ್‌ನ ಟ್ರಿಮ್ಸಾರನ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು, ಮನೆಮಾತು ವೆಲ್ಷ್. ‘ಜಿಫಿ’ ಎಂಬುದು ಅಡ್ಡಹೆಸರು. ನೀತ್ ಕ್ಲಬ್‌ನಿಂದ ಮೇಲೆ ಬಂದು 1985ರ ಏಪ್ರಿಲ್‌ನಲ್ಲಿ ಕಾರ್ಡಿಫ್‌ನ ಆರ್ಮ್ಸ್ ಪಾರ್ಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ವೇಲ್ಸ್‌ಗೆ ಮೊದಲ ಪಂದ್ಯ ಆಡಿದರು. ವೇಲ್ಸ್ 24–15ರಿಂದ ಗೆದ್ದಿತು. 1988ರಲ್ಲಿ, ಲನೆಥ್ಲಿಗೆ ಆಡುವ ಹೊತ್ತಿಗೆ, ಟ್ರಿಪಲ್ ಕ್ರೌನ್ (ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರನ್ನೂ ಸೋಲಿಸಿದ ಗೌರವ) ಕೂಡ ಬಂತು. ಅದೇ ಬೇಸಿಗೆಯಲ್ಲಿ ನ್ಯೂಜಿಲೆಂಡ್ ಪ್ರವಾಸದ ಎರಡು ಟೆಸ್ಟ್‌ಗಳಲ್ಲಿ ವೇಲ್ಸ್ 52–3, 54–9ರಿಂದ ಮಣ್ಣುಮುಕ್ಕಿತು. ಅಲ್ಲಿ ಕಂಡ ಕೊರತೆಗಳನ್ನು ವೇಲ್ಸ್ ರಗ್ಬಿ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಹೇಳುತ್ತೇನೆ ಎಂದು ಡೇವಿಸ್ ಮುಂದೆ ಬಂದರು, ಅವಕಾಶ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಅವರದೇ ನಾಯಕತ್ವದಲ್ಲಿ ವೇಲ್ಸ್ ತನ್ನ ನೆಲದಲ್ಲೇ ರೊಮೇನಿಯಾಗೆ 15–9ರಿಂದ ಸೋತಿತು, ಬೈಗುಳ ಪೂರ್ತಿ ನಾಯಕನ ತಲೆಗೆ. 1989ರ ಜನವರಿಯಲ್ಲಿ ಉತ್ತರ ಇಂಗ್ಲೆಂಡಿನ ಲೀಗ್ ಕ್ಲಬ್ ವಿಡ್ನೆಸ್‌ಗೆ ಸಹಿ ಹಾಕಿದರು. ಮೊತ್ತ ಎರಡು ಲಕ್ಷ ಪೌಂಡ್‌ಗೂ ಹೆಚ್ಚು ಎಂದು ಪತ್ರಿಕೆಗಳು ಬರೆದವು.

ಮೈಕಟ್ಟು ಸಣ್ಣದು. ‘ಲೀಗ್‌ನ ಗೂಳಿಗಳು ತುಳಿದುಹಾಕುತ್ತವೆ’ ಎಂಬ ಭವಿಷ್ಯ ಎರಡೂ ಕಡೆ ಕೇಳಿಬಂತು. ಆದರೆ ಅವರು ಸೇರಿದ ತಂಡದ ಕಡೆಯೂ ನೋಡಬೇಕು. ಡಗ್ ಲಾಟನ್ ತರಬೇತಿಯ ವಿಡ್ನೆಸ್ ಆಗ ಚಾಂಪಿಯನ್, ಯೂನಿಯನ್‌ನಿಂದಲೇ ಬಂದ ಮಾರ್ಟಿನ್ ಒಫಯ್ಯ ಅಲ್ಲಿ ವಿಂಗರ್. ಡೇವಿಸ್‌ಗೆ ಫ್ಲೈ ಹಾಫ್‌ನ ಹಳೆಯ ಜಾಗ ಹಿಡಿದುಕೊಂಡು ಕೂರುವ ಅಗತ್ಯ ಬರಲಿಲ್ಲ. ಸೆಂಟರ್, ವಿಂಗ್, ಫುಲ್ ಬ್ಯಾಕ್ ಎಂದು ಅಂಚಿನ ಸ್ಥಾನಗಳಲ್ಲಿ ಆಡಿದರು, ಗೋಲು ಒದೆಯುವ ಕೆಲಸ ಜೊತೆಗಿತ್ತು. ಅಂಚಿನಲ್ಲಿ ಟ್ಯಾಕಲ್‌ಗಳ ಎಣಿಕೆ ಕಡಿಮೆ, ಓಡಲು ಜಾಗ ಹೆಚ್ಚು. ರಕ್ಷಣೆ ಕಲಿಯುವವರೆಗೆ ಮೊದಲ ಹತ್ತು ಗಜದ ವೇಗ ಅವರನ್ನು ಕಾಪಾಡಿತು. ತಂಡ ಆ ಋತುವಿನಲ್ಲಿ ಮತ್ತೆ ಚಾಂಪಿಯನ್ ಆಯಿತು. 1989ರ ಅಕ್ಟೋಬರ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ಚಾಂಪಿಯನ್ ಕ್ಯಾನ್‌ಬೆರಾವನ್ನು 30–18ರಿಂದ ಸೋಲಿಸಿ ವಿಶ್ವ ಕ್ಲಬ್ ಪಟ್ಟವನ್ನೂ ಗೆದ್ದಿತು.

ನಮ್ಮ ದೃಷ್ಟಿಯಲ್ಲಿ ಅವರು ಪೂರ್ಣ ಲೀಗ್ ಆಟಗಾರರಾದದ್ದು ಆಸ್ಟ್ರೇಲಿಯಾಕ್ಕೆ ಹೋಗಿ 1991ರಲ್ಲಿ ಕ್ಯಾಂಟರ್‌ಬರಿಗೆ ಆಡಿದ ಮೇಲೆ. ಅಲ್ಲಿನ ಗುದ್ದು ಬೇರೆಯದೇ ತೂಕದ್ದು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಕ್ಲಬ್ ಸೇರಿದರು, 1994ರಲ್ಲಿ ಆ ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ‘ಮ್ಯಾನ್ ಆಫ್ ಸ್ಟೀಲ್’ ಅವರದಾಯಿತು.

ಜನ ನೆನೆಯುವುದು ಮಾತ್ರ 1994ರ ಅಕ್ಟೋಬರ್ 22ರ ವೆಂಬ್ಲಿಯನ್ನು. ಆಸ್ಟ್ರೇಲಿಯಾ ವಿರುದ್ಧದ ಮೊದಲ ಟೆಸ್ಟ್‌ನಲ್ಲಿ ಗ್ರೇಟ್ ಬ್ರಿಟನ್ ನಾಯಕ ಶಾನ್ ಎಡ್ವರ್ಡ್ಸ್ ಎತ್ತರದ ಟ್ಯಾಕಲ್‌ಗಾಗಿ ಮೊದಲಾರ್ಧದಲ್ಲೇ ಮೈದಾನದಿಂದ ಹೊರಬಿದ್ದರು. ಹನ್ನೆರಡು ಜನರ ತಂಡದಲ್ಲಿ ಫುಲ್ ಬ್ಯಾಕ್ ಆಗಿದ್ದ ಡೇವಿಸ್ ಹಿಂದಿನಿಂದ ಸಾಲಿಗೆ ಸೇರಿಕೊಂಡು, ಪಾಸ್ ಕೊಡುವಂತೆ ನಟಿಸಿ ಕಿಂಡಿಯಲ್ಲಿ ನುಸುಳಿ, ಬಲಮೂಲೆಗೆ ಓಡಿ, ಮುಂದಕ್ಕೆ ಧುಮುಕಿ ಟ್ರೈ (ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) ಗಳಿಸಿದರು. ಫುಲ್ ಬ್ಯಾಕ್ ಯಾವ ಟ್ಯಾಕಲ್‌ನಲ್ಲಿ ಸಾಲಿಗೆ ಬರಬೇಕು ಎಂಬ ಎಣಿಕೆ ಯೂನಿಯನ್ ಕಲಿಸಿದ್ದಲ್ಲ, ಐದಾರು ವರ್ಷ ಲೀಗ್‌ನಲ್ಲಿ ಬೆವರು ಸುರಿಸಿ ಬಂದದ್ದು. ಆಮೇಲೆ ಭುಜಕ್ಕೆ ಪೆಟ್ಟಾಗಿ ಹೊರನಡೆದರು. ಬ್ರಿಟನ್ 8–4ರಿಂದ ಗೆದ್ದಿತು, ಸರಣಿಯನ್ನು ಸೋತಿತು.

ವೇಲ್ಸ್‌ನ ಲೀಗ್ ತಂಡಕ್ಕೂ ಅವರೇ ನಾಯಕ. 1991ರಲ್ಲಿ ಸ್ವಾನ್ಸಿಯಲ್ಲಿ ಆ ತಂಡ ಮರುಹುಟ್ಟು ಪಡೆದು ಪಾಪುವಾ ನ್ಯೂಗಿನಿಯನ್ನು 68–0ರಿಂದ ಸೋಲಿಸಿತು. 1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ಗೆ 25–10ರಿಂದ ಸೋತಿತು. ಅಷ್ಟರಲ್ಲಿ ಗೋಡೆ ಬಿದ್ದಿತ್ತು. 1995ರ ನವೆಂಬರ್‌ನಲ್ಲಿ ಡೇವಿಸ್ ಕಾರ್ಡಿಫ್ ಕ್ಲಬ್ ಸೇರಿ ಯೂನಿಯನ್‌ಗೆ ಮರಳಿದರು. ವೇಲ್ಸ್ ಯೂನಿಯನ್ ತಂಡಕ್ಕೆ ಕೊನೆಯ ಪಂದ್ಯ 1997ರ ಮಾರ್ಚ್‌ನಲ್ಲಿ. ಮತ್ತೆ ಆರ್ಮ್ಸ್ ಪಾರ್ಕ್, ಮತ್ತೆ ಇಂಗ್ಲೆಂಡ್, ಈ ಸಲ 34–13ರ ಸೋಲು.

ಪ್ರ: ದಾಟಿದವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು? (ಉಡುಪಿ)

ಬೋಸ್ಟನ್. ಕಾರ್ಡಿಫ್‌ನ ಬಂದರು ಬಡಾವಣೆ ಟೈಗರ್ ಬೇಯ ಹುಡುಗ. ನೀತ್ ಪರ ಯೂನಿಯನ್ ಆಡಿದ್ದರು, ಆದರೆ ವೇಲ್ಸ್ ಯೂನಿಯನ್ ತಂಡ ಕರೆಯಲಿಲ್ಲ. 1953ರಲ್ಲಿ ವಿಗನ್ 3,000 ಪೌಂಡ್ ಕೊಟ್ಟು ಕರೆದೊಯ್ದಿತು. ಆ ಕ್ಲಬ್‌ಗೆ 488 ಪಂದ್ಯಗಳಲ್ಲಿ 478 ಟ್ರೈ. ಪಂದ್ಯಕ್ಕೊಂದರ ಲೆಕ್ಕ, ಅದೂ ಹದಿನೈದು ವರ್ಷ.

ಅದೇ ನಗರದ ಕ್ಲೈವ್ ಸಲಿವನ್ 1972ರಲ್ಲಿ ಗ್ರೇಟ್ ಬ್ರಿಟನ್ ನಾಯಕರಾಗಿ ಲೀಗ್ ವಿಶ್ವಕಪ್ ಗೆದ್ದರು. ಬ್ರಿಟನ್‌ನ ಯಾವುದೇ ಆಟದ ರಾಷ್ಟ್ರೀಯ ತಂಡಕ್ಕೆ ಅವರೇ ಮೊದಲ ಕಪ್ಪು ನಾಯಕ. ಟೈಗರ್ ಬೇಯವರೇ ಆದ ಗಸ್ ರಿಸ್ಮನ್‌ರನ್ನೂ ಸೇರಿಸಿ ಮೂವರ ಪ್ರತಿಮೆ 2023ರಲ್ಲಿ ಕಾರ್ಡಿಫ್ ಬೇಯಲ್ಲಿ ನಿಂತಿದೆ. ಬದುಕಿನ ಮುಕ್ಕಾಲು ಹೆಸರು ಗಳಿಸಿದ್ದು ಉತ್ತರ ಇಂಗ್ಲೆಂಡಿನಲ್ಲಿ, ಪ್ರತಿಮೆ ತವರಿನಲ್ಲಿ. ತಡವಾಯಿತು.

ಪ್ರ: ಎರಡರಲ್ಲಿ ಯಾವುದರ ಆಟಗಾರರು ಮೇಲು? ಎದುರುಬದುರು ಆಡಿದ್ದುಂಟೇ? (ಬಳ್ಳಾರಿ)

ಎರಡನೇ ಮಹಾಯುದ್ಧದಲ್ಲಿ ಸೇನೆಯ ತಂಡಗಳಿಗೆ ಬಹಿಷ್ಕಾರದಿಂದ ವಿನಾಯಿತಿ ಇತ್ತು. 1943 ಮತ್ತು 1944ರಲ್ಲಿ ಲೀಗ್ ಆಟಗಾರರು ಯೂನಿಯನ್ ಆಟಗಾರರ ಜೊತೆ ಯೂನಿಯನ್ ನಿಯಮದಲ್ಲೇ ಸೆಣಸಿ 18–11, 15–10ರಿಂದ ಎರಡನ್ನೂ ಗೆದ್ದರು. 1996ರ ಮೇ ತಿಂಗಳಲ್ಲಿ ಲೀಗ್‌ನ ವಿಗನ್ ಮತ್ತು ಯೂನಿಯನ್‌ನ ಬಾತ್ ಕ್ಲಬ್‌ಗಳು ಎರಡು ಪಂದ್ಯ ಆಡಿದವು. ಲೀಗ್ ನಿಯಮದಲ್ಲಿ ವಿಗನ್‌ಗೆ 82–6, ಯೂನಿಯನ್ ನಿಯಮದಲ್ಲಿ ಬಾತ್‌ಗೆ 44–19. ಅಂತರ ನೋಡಿ: ಲೀಗ್‌ನವರು ಪರರ ಆಟದಲ್ಲಿ ಸೋತರು, ಯೂನಿಯನ್‌ನವರು ಪರರ ಆಟದಲ್ಲಿ ಕೊಚ್ಚಿಹೋದರು. ಸ್ಕ್ರಮ್ ಗೊತ್ತಿಲ್ಲದಿದ್ದರೂ ಚೆಂಡು ಸಿಕ್ಕಾಗ ಓಡಬಹುದು. ಹಿಂದಕ್ಕೆ ಸರಿದು ಸಾಲು ಕಟ್ಟುವುದು ಗೊತ್ತಿಲ್ಲದಿದ್ದರೆ ಚೆಂಡು ಸಿಗುವುದೇ ಇಲ್ಲ.

ಪ್ರ: ಈಗಲೂ ವೇಲ್ಸ್‌ನವರು ಲೀಗ್‌ಗೆ ಹೋಗುತ್ತಾರೆಯೇ? (ಶಿರಸಿ)

ಪ್ರವಾಹ ನಿಂತಿದೆ, ಹನಿ ಉಳಿದಿದೆ. ಯೂನಿಯನ್‌ನಲ್ಲೇ ಸಂಬಳ ಬಂದ ಮೇಲೆ ಹರಿವು ಹಿಂದಕ್ಕೆ ತಿರುಗಿತು. ಲೀಗ್ ಕ್ಲಬ್ ಸೇಂಟ್ ಹೆಲೆನ್ಸ್‌ಗೆ ಹೋಗಿದ್ದ ಸ್ಕಾಟ್ ಗಿಬ್ಸ್ 1996ರಲ್ಲಿ ಸ್ವಾನ್ಸಿಗೆ ಮರಳಿದರು. 1999ರಲ್ಲಿ ವೆಂಬ್ಲಿಯಲ್ಲಿ ಕೊನೆಯ ನಿಮಿಷಗಳಲ್ಲಿ ಅವರು ಗಳಿಸಿದ ಟ್ರೈ, ಇಂಗ್ಲೆಂಡ್ ವಿರುದ್ಧ ವೇಲ್ಸ್‌ಗೆ 32–31ರ ಗೆಲುವು ತಂದಿತು. ರಕ್ಷಕರಿಗೆ ಡಿಕ್ಕಿ ಕೊಟ್ಟು, ಪಕ್ಕಕ್ಕೆ ನೆಗೆದು ಓಡಿದ ಆ ರೀತಿಯಲ್ಲಿ ಲೀಗ್‌ನ ಪಾಠ ಕಾಣುತ್ತದೆ.

ಹೋಗುವ ದಿಕ್ಕಿನಲ್ಲಿ ದೊಡ್ಡ ಹೆಸರು ಗರೆತ್ ಥಾಮಸ್. ವೇಲ್ಸ್‌ಗೆ 100 ಯೂನಿಯನ್ ಪಂದ್ಯ ಆಡಿದ ಮೇಲೆ, 2010ರಲ್ಲಿ, 35ರ ವಯಸ್ಸಿನಲ್ಲಿ ವೇಲ್ಸ್‌ನದೇ ರೆಕ್ಸಮ್‌ನ ಲೀಗ್ ಕ್ಲಬ್ ಕ್ರುಸೇಡರ್ಸ್ ಸೇರಿದರು. ಮೊದಲ ಪಂದ್ಯದಲ್ಲೇ ಪೆಟ್ಟು ತಿಂದು ಬೇಗ ಹೊರಬಂದರು, 2011ರಲ್ಲಿ ನಿವೃತ್ತರಾದರು. ವಯಸ್ಸು ಇಲ್ಲಿ ದೊಡ್ಡ ವಿಷಯ. ಬೋಸ್ಟನ್ ಹೋದಾಗ ಇಪ್ಪತ್ತೂ ತುಂಬಿರಲಿಲ್ಲ, ಡೇವಿಸ್‌ಗೆ 26. ಮೂವತ್ತು ದಾಟಿದ ಮೈ ಹೊಸ ಗುದ್ದನ್ನು ಕಲಿಯುತ್ತದೆ, ಆದರೆ ಪಂದ್ಯದ ಮರುದಿನ ಏಳುವುದಿಲ್ಲ.

ಪ್ರ: ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ತಂಡ ಆಡಿತಲ್ಲ, ಅದು ಈ ‘ಲೀಗ್’ ಆಟವೇ? (ಹುಬ್ಬಳ್ಳಿ)

ಅಲ್ಲ. ಹೆಸರಿನಲ್ಲಿ ‘ಲೀಗ್’ ಎಂದಿರುವುದು ಐಪಿಎಲ್‌ನಲ್ಲಿರುವಂತೆ ಪಂದ್ಯಾವಳಿ ಎಂಬ ಅರ್ಥದಲ್ಲಿ. 2025ರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು ಸೆವೆನ್ಸ್, ಯೂನಿಯನ್‌ನ ಏಳು ಜನರ ರೂಪ. ಗುರುತಿಸಲು ಒಂದೇ ಕಡೆ ನೋಡಿ: ಆಟಗಾರ ಕೆಳಗೆ ಬಿದ್ದಾಗ ಮೇಲೆ ಜನ ಮುಗಿಬಿದ್ದು ಚೆಂಡಿಗೆ ಕಿತ್ತಾಡಿದರೆ ಯೂನಿಯನ್. ಎಲ್ಲರೂ ಬಿಟ್ಟು ಹಿಂದೆ ಸರಿದು, ಬಿದ್ದವನು ತಾನೇ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿದರೆ ಲೀಗ್.